ಹುಬ್ಬಿನ ಗಂಟು

ಕೋಪವನ್ನು ವರ್ಣಿಸಹೊರಟ ಕನ್ನಡಿಗನು ಬಹುಮಟ್ಟಿಗೆ ಹುಬ್ಬಿನಿಂದಲೇ ತೊಡಗುತ್ತಾನೆ. ‘ಹುಬ್ಬು ಗಂಟಿಕ್ಕಿದನು’ ಎಂದೊಮ್ಮೆ ಹೇಳಿದರೆ ಸಾಕು, ಮಿಕ್ಕುದನ್ನೆಲ್ಲ ಕೇಳುವವನೇ ಊಹಿಸಿಕೊಳ್ಳುತ್ತಾನೆ. ಈ ನುಡಿಗಟ್ಟನ್ನು ಮೊದಲು ಬಳಸಿದ ಪೂರ್ವಿಕನಾರೋ ತಿಳಿಯದು. ಆದರೆ ಶಾರೀರಶಾಸ್ತ್ರದ ಗಂಧವೂ ಇಲ್ಲದೆ ಅವನು ಕಂಡುಕೊಂಡುದು ಶವಚ್ಛೇದನದ ಮೇಜಿನ ಮೇಲೆ ಕಾಣುವುದಕ್ಕೆ ಬಲು ಸಮೀಪದ್ದು, ಏಕೆಂದರೆ ಅಲ್ಲಿ ನಿಜವಾಗಿಯೂ ಒಂದು ಗಂಟು ಬೀಳುತ್ತದೆ, ಅದನ್ನು ಬಿಗಿಯುವ ದಾರವೂ ಇದೆ. ಮೂಗಿನ ಬುಡದ ಇಕ್ಕೆಲಗಳಲ್ಲಿ, ಹುಬ್ಬಿನ ಒಳತುದಿಯ ಎಲುಬಿನಿಂದ ಹೊರಟು, ಓರೆಯಾಗಿ ಮೇಲೇರಿ, ಹುಬ್ಬಿನ ನಡುಭಾಗದ ಚರ್ಮದಲ್ಲಿ ಲೀನವಾಗುವ ಪುಟ್ಟ ಸ್ನಾಯುವೊಂದುಂಟು. ವೈದ್ಯರು ಅದನ್ನು ಕೊರುಗೇಟರ್ ಎನ್ನುವರು, ನಾವು ಭ್ರೂಕುಂಚಕವೆನ್ನಬಹುದು. ಕೈಕಾಲುಗಳ ಸ್ನಾಯುಗಳು ಎಲುಬಿನಿಂದ ಎಲುಬಿಗೆ ಹಾಯ್ದು ಕೀಲುಗಳನ್ನು ಆಡಿಸಿದರೆ, ಮುಖದ ಸ್ನಾಯುಗಳು ಚರ್ಮಕ್ಕೇ ಅಂಟಿಕೊಂಡು ಚರ್ಮವನ್ನೇ ಎಳೆಯುವುವು. ಆದುದರಿಂದ ಎರಡು ಕಡೆಯ ಭ್ರೂಕುಂಚಕಗಳೂ ಏಕಕಾಲದಲ್ಲಿ ಸಂಕೋಚಗೊಂಡಾಗ ಹುಬ್ಬುಗಳೆರಡೂ ನಡುವಿಗೆ ಸರಿದು, ಮಧ್ಯದ ಚರ್ಮವು ಸೀರೆಯ ನಿರಿಗೆಯಂತೆ ನಿಟ್ಟನೆ ಮಡಿಚಿಕೊಳ್ಳುತ್ತದೆ.

ಎಳೆಯ ವಯಸ್ಸಿನಲ್ಲಿ ಕೋಪವಿಳಿದೊಡನೆ ಈ ನಿರಿಗೆಯೂ ಅಳಿಸಿಹೋಗುತ್ತದೆ. ಆದರೆ ಮದುವೆಯ ರೇಷ್ಮೆಸೀರೆಯನ್ನು ಹತ್ತಾರು ವರ್ಷ ಒಂದೇ ಮಡಿಕೆಯಲ್ಲಿ ಬೀರುವಿನೊಳಗಿಟ್ಟರೆ ಆ ಮಡಿಕೆಯ ಗೆರೆಯು ಉಟ್ಟಾಗಲೂ ಹೋಗದೆ ಉಳಿಯುವುದನ್ನು ಮನೆಯ ಹಿರಿಯ ಹೆಂಗಸರೆಲ್ಲರೂ ಬಲ್ಲರು. ಆಗಾಗ ಬಿಚ್ಚಿ ಮಡಿಕೆ ಬದಲಿಸುವ ಪದ್ಧತಿ ಅದಕ್ಕಾಗಿಯೇ ಬಂದುದು. ಚರ್ಮದ ವಿಷಯದಲ್ಲಿಯೂ ಹಾಗೆಯೇ: ದಿನಕ್ಕೆ ನೂರಾರು ಬಾರಿಯಂತೆ ದಶಕಗಟ್ಟಲೆ ಮಡಿಚಿದ ಎಡೆಯಲ್ಲಿ, ಒಳಗಿನ ನಾರುಗಳೂ ವಯಸ್ಸಿನಿಂದ ಸಡಿಲಗೊಂಡ ಮೇಲೆ, ಮನಸ್ಸು ಎಷ್ಟೇ ಪ್ರಸನ್ನವಾಗಿದ್ದರೂ ಗೆರೆಯು ನಿಂತೇಬಿಡುತ್ತದೆ. ಹಣೆಬರಹವನ್ನು ಬ್ರಹ್ಮನು ಬರೆದನೆಂದು ನಂಬುವವರು ನಂಬಿಕೊಳ್ಳಲಿ. ಹಣೆಯ ಮೇಲೆ ವಿಭೂತಿಯ ಪಟ್ಟೆಗಳಂತೆ ಅಡ್ಡಲಾಗಿ ಕಾಣುವ ಗೆರೆಗಳನ್ನು ಬರೆದುದು ಫ್ರಂಟಾಲಿಸ್ ಎಂಬ ಸ್ನಾಯು, ಹುಬ್ಬುಗಳ ನಡುವೆ ನಾಮದಂತೆ ನಿಂತಿರುವ ಗೆರೆಗಳನ್ನು ಬರೆದುದು ಭ್ರೂಕುಂಚಕ.

ನಾಟ್ಯಶಾಸ್ತ್ರವು ಹುಬ್ಬಿನ ಚಲನೆಗಳನ್ನು ಏಳು ಬಗೆಯಾಗಿ ವಿಂಗಡಿಸಿ ಅವುಗಳಲ್ಲೊಂದಕ್ಕೆ ಭ್ರುಕುಟಿಯೆಂದು ಹೆಸರಿಟ್ಟಿದೆ. ಬ್ರಿಟನ್ನಿನ ಶಾರೀರವಿಜ್ಞಾನಿ ಚಾರ್ಲ್ಸ್ ಬೆಲ್ಲನಿಗೆ ಮನುಷ್ಯಮುಖದ ಸ್ನಾಯುಗಳಲ್ಲೆಲ್ಲ ಭ್ರೂಕುಂಚಕವೇ ಅತ್ಯಂತ ವಿಸ್ಮಯಕರವಾಗಿ ತೋರಿತ್ತು. 1872ರಲ್ಲಿ ಭಾವಪ್ರಕಟನೆಯ ಕುರಿತು ಗ್ರಂಥವನ್ನೇ ಬರೆದ ಡಾರ್ವಿನ್ನನಾದರೋ ಸೂಕ್ಷ್ಮವಾದೊಂದು ವಿಚಾರವನ್ನು ಮುಂದಿಟ್ಟನು: ಗಂಟಿಕ್ಕಿದ ಹುಬ್ಬು ಮೂಲತಃ ಕೋಪದ ಚಿಹ್ನೆಯಲ್ಲ, ಎದುರಾದ ತೊಡಕಿನ ಚಿಹ್ನೆ, ಲೆಕ್ಕ ಬಿಡಿಸುವವನೂ, ಸೂಜಿಗೆ ದಾರ ಪೋಣಿಸುವವಳೂ ಯಾರ ಮೇಲೂ ಸಿಟ್ಟಿಲ್ಲದೆಯೇ ಹುಬ್ಬನ್ನು ಕೂಡಿಸುತ್ತಾರೆ. ನೋಡುವವರಿಗೆ ಮಾತ್ರ ಅದು ಸಿಟ್ಟಿನಂತೆಯೇ ಕಾಣುತ್ತದೆ.

ಬೆಂಗಳೂರಿನಲ್ಲಿ ಚರ್ಮವೈದ್ಯರಾಗಿರುವ ನನ್ನ ಮಿತ್ರರೊಬ್ಬರ ಬಳಿಗೆ ಜೂನ್ ತಿಂಗಳಲ್ಲೊಂದು ಸಂಜೆ ಬಂದಿದ್ದ ನಿವೃತ್ತ ಉಪಾಧ್ಯಾಯಿನಿಯೊಬ್ಬರ ದೂರು ಇದೇ ಆಗಿತ್ತು. ಮೂವತ್ತು ವರ್ಷ ಗಣಿತ ಕಲಿಸಿದವರು ಅವರು. “ನಾನು ಸುಮ್ಮನೆ ಕೂತಿದ್ರೂ ‘ಯಾಕೆ ಟೀಚರ್, ಸಿಟ್ಟಾ?’ ಅಂತ ಎಲ್ಲರೂ ಕೇಳ್ತಾರೆ ಡಾಕ್ಟ್ರೇ” ಎಂದರು. ಅವರ ಅನುಮತಿಯಿಂದ ನಾನೂ ಒಂದು ಮೂಲೆಯಲ್ಲಿ ಕುಳಿತೆನು.

ವೈದ್ಯರು ಶೀತಕಪಾಟಿನಿಂದ ಹೆಬ್ಬೆರಳಿನ ಗಾತ್ರದ ಗಾಜಿನ ಸೀಸೆಯೊಂದನ್ನು ತೆಗೆದು ನನ್ನ ಕೈಗಿತ್ತರು. ಬೆಳಕಿಗೆ ಹಿಡಿದು ನೋಡಿದೆ: ಸೀಸೆ ಬರಿದಾಗಿದ್ದಂತಿತ್ತು. ಓರೆಯಾಗಿಸಿ ನೋಡಿದಾಗ ಮಾತ್ರ, ಚಳಿಗಾಲದ ಬೆಳಗಿನಲ್ಲಿ ಕಿಟಕಿಯ ಗಾಜಿಗೆ ಕೂರುವ ಮಂಜಿನ ಮಸುಕಿನಂತೆ, ತಳದಲ್ಲಿ ಏನೋ ಇದ್ದೂ ಇಲ್ಲದಂತೆ ಕಂಡಿತು. ಆ ಮಸುಕೂ ಔಷಧವಲ್ಲವೆಂದು ಮಿತ್ರರು ನಕ್ಕರು. ಅದು ಅರ್ಧ ಮಿಲಿಗ್ರಾಮಿನಷ್ಟು ಆಲ್ಬುಮಿನ್ ಎಂಬ ಪ್ರೋಟೀನು ಮತ್ತು ಚೂರು ಉಪ್ಪು, ಔಷಧವು ಗಾಜಿಗೆ ಅಂಟಿಕೊಂಡು ನಷ್ಟವಾಗದಿರಲೆಂದು ಬೆರೆಸಿದ ಆಧಾರದ್ರವ್ಯ. 100 ಯೂನಿಟ್ಟಿನ ಆ ಸೀಸೆಯಲ್ಲಿರುವ ಬೊಟುಲಿನಮ್ ವಿಷದ ತೂಕ ಸುಮಾರು 5 ನ್ಯಾನೊಗ್ರಾಂ. ನ್ಯಾನೊಗ್ರಾಮೆಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು. ‘ಎಳ್ಳಷ್ಟು’ ಎಂಬುದು ನಮ್ಮಲ್ಲಿ ಅತ್ಯಲ್ಪಕ್ಕೆ ಸಲ್ಲುವ ಅಳತೆ. ಎಳ್ಳಿನ ಕಾಳೊಂದು 3 ಮಿಲಿಗ್ರಾಂ ತೂಗುವುದೆಂದಿಟ್ಟುಕೊಂಡರೆ, ಎಳ್ಳಷ್ಟು ಬೊಟುಲಿನಮ್ಮಿನಿಂದ ಇಂತಹ ಆರು ಲಕ್ಷ ಸೀಸೆಗಳನ್ನು ತುಂಬಬಹುದು. ಹುಬ್ಬಿನ ನಡುವಿನ ಗಂಟಿಗೆ ವಾಡಿಕೆಯಾಗಿ ಕೊಡುವುದು 20 ಯೂನಿಟ್ ಆದುದರಿಂದ ಮೂವತ್ತು ಲಕ್ಷ ಹುಬ್ಬುಗಂಟುಗಳನ್ನು ಬಿಡಿಸಬಹುದು. ಮನುಷ್ಯನಿಗೆ ತಿಳಿದ ವಿಷಗಳಲ್ಲಿ ಇದಕ್ಕಿಂತ ಉಗ್ರವಾದುದು ಇನ್ನೊಂದಿಲ್ಲವೆಂಬ ಮಾತಿಗೆ ಈ ಲೆಕ್ಕವೇ ಸಾಕ್ಷಿ.

ಇಂತಹ ವಿಷದ ಮೊದಲ ಚರಿತ್ರಕಾರನು ಒಬ್ಬ ಕವಿ. ಜರ್ಮನಿಯ ನೈರುತ್ಯದಲ್ಲಿರುವ ವ್ಯೂರ್ಟೆಂಬರ್ಗ್ ಪ್ರಾಂತದಲ್ಲಿ, ಹಂದಿಯ ಜಠರದೊಳಗೆ ರಕ್ತವನ್ನೂ ಮಾಂಸವನ್ನೂ ತುಂಬಿ ಬೇಯಿಸಿ ಹೊಗೆಯಲ್ಲಿ ಒಣಗಿಸಿಡುವ ರೂಢಿಯಿತ್ತು. 1793ರಲ್ಲಿ ವಿಲ್ಡ್‌ಬಾಡ್ ಎಂಬ ಊರಿನಲ್ಲಿ ಹಾಗೊಂದು ಸಾಸೇಜನ್ನು ಹಂಚಿಕೊಂಡು ತಿಂದ 13 ಮಂದಿ ಕಾಯಿಲೆಬಿದ್ದು ಅವರಲ್ಲಿ 6 ಮಂದಿ ಸತ್ತರು. ಇಂತಹ ಪ್ರಕರಣಗಳು ಮುಂದೆಯೂ ಮರುಕಳಿಸುತ್ತಿರಲು, ವೈನ್ಸ್‌ಬರ್ಗಿನಲ್ಲಿ ಸರ್ಕಾರಿ ವೈದ್ಯನಾಗಿದ್ದ ಯುಸ್ಟಿನುಸ್ ಕೆರ್ನರನು ಅವುಗಳನ್ನು ಒಂದೊಂದಾಗಿ ಕಲೆಹಾಕಿ 1820ರಲ್ಲಿ 76 ರೋಗಿಗಳ ವೃತ್ತಾಂತವನ್ನೂ, 1822ರಲ್ಲಿ 155 ರೋಗಿಗಳ ವೃತ್ತಾಂತವನ್ನೂ ಪ್ರಕಟಿಸಿದನು. ಶೂಮನ್ನನಂತಹ ಸಂಗೀತಗಾರನು ಸ್ವರ ಸಂಯೋಜಿಸುವಷ್ಟು ಕಾವ್ಯಶಕ್ತಿಯುಳ್ಳವನಾಗಿದ್ದ ಈತನ ಕಣ್ಣಿಗೆ ಯಾವ ಲಕ್ಷಣವೂ ತಪ್ಪಲಿಲ್ಲ: ರೆಪ್ಪೆ ಜೋತುಬೀಳುವುದು, ಬಾಯಿ ಒಣಗುವುದು, ಕಣ್ಣೀರೂ ಬತ್ತುವುದು, ನುಂಗಲಾಗದಿರುವುದು, ಧ್ವನಿ ಅಡಗುವುದು, ಇಷ್ಟೆಲ್ಲ ಆಗುತ್ತಿದ್ದರೂ ಬುದ್ಧಿ ಮಾತ್ರ ಕಡೆಯವರೆಗೂ ನಿರ್ಮಲವಾಗಿರುವುದು. ವಿಷದ ಸಾರವನ್ನು ಬೇರ್ಪಡಿಸಿ ಪ್ರಾಣಿಗಳಿಗೆ ಕೊಟ್ಟು ನೋಡಿದುದಲ್ಲದೆ ತಾನೂ ಕೆಲವು ತೊಟ್ಟುಗಳನ್ನು ನಾಲಿಗೆಯ ಮೇಲಿಟ್ಟುಕೊಂಡನೆಂಬುದನ್ನು ಓದುವಾಗ, ವಿಜ್ಞಾನದ ಇತಿಹಾಸದಲ್ಲಿ ಅದೃಷ್ಟಕ್ಕೆ ಸಲ್ಲಬೇಕಾದ ಪಾಲೆಷ್ಟೆಂದು ಯೋಚಿಸುವಂತಾಗುತ್ತದೆ.

ಈ ವಿಷವನ್ನು ಉತ್ಪಾದಿಸುವ ಕ್ರಿಮಿಯನ್ನು ಕೆರ್ನರನು ಕಾಣಲಿಲ್ಲ. ವಿಷವು ಕೆಟ್ಟ ಕೊಬ್ಬಿನಿಂದ ಹುಟ್ಟುವುದೆಂದೇ ಬಗೆದನು. ಆದರೆ ನರವು ಕತ್ತರಿಸಿಹೋಗದೆಯೇ ಅದರ ಸಂದೇಶವಾಹಕಶಕ್ತಿಯು, ತುಕ್ಕು ಹಿಡಿದ ತಂತಿಯಲ್ಲಿ ವಿದ್ಯುತ್ತು ಸಾಗದಂತೆ, ತಡೆಗೊಳ್ಳುತ್ತದೆಯೆಂದು ಅವನು ಊಹಿಸಿದುದೂ, ಅದರಿಂದಲೇ ಅಂಗಗಳ ಅನಿಚ್ಛಾಚಲನೆಗೂ ಮಿತಿಮೀರಿದ ಬೆವರಿಗೂ ಇದೇ ವಿಷವನ್ನು ಅತ್ಯಲ್ಪ ಮಾತ್ರೆಯಲ್ಲಿ ಮದ್ದಾಗಿಸಬಹುದೆಂದು ಸೂಚಿಸಿದುದೂ ಇಂದಿಗೆ ಇನ್ನೂರು ವರ್ಷಗಳ ಹಿಂದಿನ ಮಾತು. ಅವನ ಎರಡು ಸೂಚನೆಗಳೂ ಈಗ ಆಸ್ಪತ್ರೆಗಳ ದಿನಚರಿಯಲ್ಲಿ ಸೇರಿಹೋಗಿವೆ.

ಕ್ರಿಮಿ ಸಿಕ್ಕಿದುದು ಒಂದು ಶವಸಂಸ್ಕಾರದ ಊಟದಲ್ಲಿ. 1895ರ ಡಿಸೆಂಬರಿನಲ್ಲಿ ಬೆಲ್ಜಿಯಮ್ಮಿನ ಎಲ್‌ಜೆಲ್ ಗ್ರಾಮದಲ್ಲಿ ವಾದ್ಯಮೇಳದವರು ಉಪ್ಪುಹಾಕಿದ ಹಸಿ ಹಂದಿಮಾಂಸವನ್ನು ತಿಂದು ರೋಗಗ್ರಸ್ತರಾಗಿ ಮೂವರು ಮೃತಪಟ್ಟಾಗ, ಗೆಂಟ್ ನಗರದ ಪ್ರಾಧ್ಯಾಪಕ ಎಮಿಲ್ ವಾನ್ ಎರ್ಮೆಂಗೆಮನು ಆ ಮಾಂಸದಿಂದಲೂ ಮೃತನೊಬ್ಬನ ಗುಲ್ಮದಿಂದಲೂ ಒಂದೇ ದಂಡಾಣುವನ್ನು ಬೇರ್ಪಡಿಸಿದನು. ಲ್ಯಾಟಿನ್ನಿನಲ್ಲಿ ಸಾಸೇಜಿಗಿರುವ ‘ಬೊಟುಲುಸ್’ ಎಂಬ ಹೆಸರೇ ಅದಕ್ಕೂ ನಿಂತಿತು. ಮಣ್ಣಿನಲ್ಲಿ ಸಹಜವಾಗಿ ವಾಸಿಸುವ ಈ ಜೀವಿಗೆ ಗಾಳಿಯಲ್ಲಿನ ಆಮ್ಲಜನಕವು ಒಗ್ಗದು. ಮಾಂಸದ ಒಳಭಾಗ, ಮುಚ್ಚಿದ ಡಬ್ಬಿ ಇವೇ ಅದಕ್ಕೆ ಹಿತವಾದ ನೆಲೆ. ಹುಳಿಯೂ ಅದಕ್ಕೆ ಆಗದು, ಹೆಚ್ಚು ಉಪ್ಪೂ ಆಗದು; ನಮ್ಮ ಅಜ್ಜಿಯರು ವರ್ಷಪೂರ್ತಿ ಭರಣಿಯಲ್ಲಿಟ್ಟ ಮಾವಿನ ಉಪ್ಪಿನಕಾಯಿ ಯಾರನ್ನೂ ಈ ರೀತಿ ಕೊಲ್ಲದಿದ್ದುದರ ಗುಟ್ಟು ಅಲ್ಲಿದೆ. ಹಾಗೆಂದು ನಮ್ಮ ದೇಶಕ್ಕೆ ಈ ವ್ಯಾಧಿಯ ಪರಿಚಯವೇ ಇಲ್ಲವೆನ್ನಲಾಗದು: 1996ರಲ್ಲಿ ಗುಜರಾತಿನ ವಸತಿಶಾಲೆಯೊಂದರ 34 ವಿದ್ಯಾರ್ಥಿಗಳು ಆಸ್ಪತ್ರೆ ಸೇರಿದಾಗ ಸಂದೇಹವು ಕಡಲೆಹಿಟ್ಟಿನ ಸೇವಿನ ಮೇಲೂ, ಅದರಲ್ಲಿ ದೊರೆತ, ಇದೇ ಕುಲಕ್ಕೆ ಸೇರಿದ ಬೇರೊಂದು ಕ್ರಿಮಿಯ ಮೇಲೂ ಬಿದ್ದಿತ್ತು.

ಈ ವಿಷವು ಮಾಡುವುದಾದರೂ ಏನು? ನರದ ತುದಿಯು ಸ್ನಾಯುವನ್ನು ಮುಟ್ಟುವುದಿಲ್ಲ. ನಡುವೆ ಕೂದಲೆಳೆಯ ದಪ್ಪದಲ್ಲಿ ಸಾವಿರದಲ್ಲೊಂದು ಪಾಲಿಗಿಂತಲೂ ಕಿರಿದಾದ ತೆರಪಿದೆ. ‘ಸಂಕೋಚಗೊಳ್ಳು’ ಎಂಬ ಆಜ್ಞೆಯು ಆ ತೆರಪನ್ನು ದಾಟುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ರೂಪದಲ್ಲಿ. ನರಾಗ್ರದೊಳಗೆ ಅದು ಅತಿಸೂಕ್ಷ್ಮವಾದ ಚೀಲಗಳಲ್ಲಿ ತುಂಬಿಕೊಂಡು ಸಿದ್ಧವಾಗಿರುತ್ತದೆ. ಆಜ್ಞೆ ಬಂದೊಡನೆ ಚೀಲವು ನರದ ಹೊರಪೊರೆಗೆ ಬೆಸೆದುಕೊಂಡು ಬಾಯಿಬಿಡಬೇಕು. ಹೀಗೆ ಬೆಸೆಯುವುದಕ್ಕೆ ಚೀಲದ ಮೇಲೊಂದು ಪ್ರೋಟೀನಿನ ಎಳೆ, ಹೊರಪೊರೆಯ ಮೇಲೆರಡು ಪ್ರೋಟೀನುಗಳ ಎಳೆಗಳು ಇರುತ್ತವೆ. ಹಗ್ಗ ಹೊಸೆಯುವವನು ಎಳೆಗಳನ್ನು ಹುರಿಗೊಳಿಸಿದಂತೆ ಇವು ಒಂದನ್ನೊಂದು ಸುತ್ತಿಕೊಂಡು ಬಿಗಿಯುತ್ತ ಹೋದಾಗ ಚೀಲವು ಪೊರೆಯ ಸಮೀಪಕ್ಕೆ ಎಳೆಯಲ್ಪಟ್ಟು ಅದರಲ್ಲಿ ಒಂದಾಗುತ್ತದೆ. ಹೊರಪೊರೆಯ ಎಳೆಗಳಲ್ಲೊಂದರ ಹೆಸರು ಸ್ನ್ಯಾಪ್-25. 206 ಅಮೈನೊ ಆಮ್ಲಗಳ ಮಣಿಸರ.

ಬೊಟುಲಿನಮ್ ಅಣುವಿಗೆ ಎರಡು ಖಂಡಗಳು, ಒಂದು ಭಾರವಾದುದು, ಇನ್ನೊಂದು ಹಗುರವಾದುದು. ಗಂಧಕದ ಒಂದೇ ಬಂಧದಿಂದ ಅವು ಜೋಡಿಯಾಗಿವೆ. ಭಾರಖಂಡದ ಕೆಲಸ ನರವನ್ನು ಗುರುತಿಸಿ ಒಳಹೊಗುವುದು. ಅದು ಹಿಡಿದುಕೊಳ್ಳುವ ಹಿಡಿಯು ಚೀಲದ ಒಳಮೈಯಲ್ಲಿದ್ದು, ಚೀಲವು ಆಗತಾನೆ ಬಾಯಿಬಿಟ್ಟು ಸಂದೇಶವನ್ನು ಸುರಿದ ಕ್ಷಣದಲ್ಲಷ್ಟೇ ಹೊರಗೆ ಕಾಣಿಸಿಕೊಳ್ಳುತ್ತದೆ. ಅರ್ಥಾತ್ ಹೆಚ್ಚು ಹೆಚ್ಚು ಮಾತಾಡುವ ನರವೇ ಹೆಚ್ಚು ವಿಷವನ್ನು ಒಳಗೊಳ್ಳುವುದು. ಪ್ರಕೃತಿಯ ಈ ವ್ಯಂಗ್ಯವನ್ನು ನಾನು ಎಷ್ಟು ಸಲ ನೆನೆದರೂ ತಣಿಯಲಾರೆ. ಒಳಹೊಕ್ಕ ಮೇಲೆ ಬಂಧ ಕಳಚಿ, ಸತುವಿನ ಕಣವೊಂದನ್ನು ಹೊತ್ತ ಹಗುರಖಂಡವು ಕತ್ತರಿಯಾಗಿ ಪರಿಣಮಿಸಿ ಸ್ನ್ಯಾಪ್-25ರ ತುದಿಯ 9 ಮಣಿಗಳನ್ನು ಕತ್ತರಿಸಿಹಾಕುತ್ತದೆ. ಅಷ್ಟೇ. ನರ ಸಾಯಲಿಲ್ಲ, ಸ್ನಾಯು ಸಾಯಲಿಲ್ಲ, ಚೀಲಗಳೂ ತುಂಬಿಯೇ ಇವೆ; ಆದರೆ ತುದಿ ಮೊಂಡಾದ ಎಳೆಯು ಹುರಿಗೊಳ್ಳದು, ಬಾಗಿಲವರೆಗೆ ಬಂದ ಅಂಚೆ ಒಳಗೇ ಉಳಿಯುತ್ತದೆ. 1949ರಲ್ಲಿ ಲಂಡನ್ನಿನಲ್ಲಿ ಆರ್ನಲ್ಡ್ ಬರ್ಗೆನ್ ಮತ್ತು ಸಂಗಡಿಗರು ಅಸಿಟೈಲ್‌ಕೋಲಿನ್ ಹೊರಬರದಿರುವುದನ್ನು ತೋರಿಸಿಕೊಟ್ಟರು; ಕತ್ತರಿಯ ಗುರುತು ಸಿಕ್ಕಿದುದು 1993ರಲ್ಲಿ. ಕೆರ್ನರನ ತುಕ್ಕು ಹಿಡಿದ ತಂತಿಗೆ ಇದಕ್ಕಿಂತ ಒಳ್ಳೆಯ ಭಾಷ್ಯ ಬೇಕಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕೆಯ ಸೇನೆಯು ಕ್ಯಾಂಪ್ ಡೆಟ್ರಿಕ್ಕಿನಲ್ಲಿ ಈ ವಿಷವನ್ನು ಶುದ್ಧೀಕರಿಸಿದುದು ಮದ್ದಿಗಾಗಿಯಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅಲ್ಲಿ ನುರಿತ ಎಡ್ವರ್ಡ್ ಷಾಂಟ್ಸರು ಶುದ್ಧ ವಿಷವನ್ನು ಕೇಳಿದ ಸಂಶೋಧಕರಿಗೆ ಒದಗಿಸುತ್ತಿದ್ದರು. ಹಾಗೆ ಕೇಳಿದವರಲ್ಲೊಬ್ಬರು ಸ್ಯಾನ್ ಫ್ರಾನ್ಸಿಸ್ಕೋದ ನೇತ್ರವೈದ್ಯ ಅಲನ್ ಸ್ಕಾಟ್. ಮೆಳ್ಳೆಗಣ್ಣಿನಲ್ಲಿ ಕಣ್ಣುಗುಡ್ಡೆಯನ್ನು ಒಂದು ಕಡೆಗೆ ಅತಿಯಾಗಿ ಎಳೆಯುವ ಸ್ನಾಯುವನ್ನು, ಶಸ್ತ್ರವಿಲ್ಲದೆ ಸೂಜಿಯಿಂದಲೇ ದುರ್ಬಲಗೊಳಿಸಬೇಕೆಂಬುದು ಅವರ ಹಂಬಲ. ಕೋತಿಗಳ ಮೇಲಿನ ಪ್ರಯೋಗದ ಫಲವನ್ನು 1973ರಲ್ಲಿಯೂ, ಮನುಷ್ಯರ ಮೇಲಿನದನ್ನು 1980ರಲ್ಲಿಯೂ ಅವರು ಪ್ರಕಟಿಸಿದರು. 1989ರ ಡಿಸೆಂಬರಿನಲ್ಲಿ ಮೆಳ್ಳೆಗಣ್ಣಿಗೂ ರೆಪ್ಪೆಗಳು ತಾವಾಗಿಯೇ ಬಿಗಿದು ಮುಚ್ಚಿಕೊಳ್ಳುವ ರೋಗಕ್ಕೂ ಅಮೆರಿಕೆಯಲ್ಲಿ ಸರ್ಕಾರದ ಅನುಮತಿ ದೊರೆಯಿತು. ಬೊಟಾಕ್ಸ್ ಎಂಬ ವ್ಯಾಪಾರನಾಮ ಬಂದುದು ಅನಂತರ, ಅಲರ್ಗನ್ ಕಂಪೆನಿಯು ಅದನ್ನು ಕೊಂಡ ಮೇಲೆ.

ಸೌಂದರ್ಯದ ಪ್ರವೇಶವಾದುದು ಕೆನಡಾದ ವ್ಯಾಂಕೂವರಿನಲ್ಲಿ, 1987ರಲ್ಲಿ. ನೇತ್ರವೈದ್ಯೆ ಜೀನ್ ಕಾರುಥರ್ಸ್ ಅವರಲ್ಲಿ ರೆಪ್ಪೆ ಬಿಗಿತಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ಮಹಿಳೆಯೊಬ್ಬರು, ಹುಬ್ಬುಗಳ ನಡುವೆ ಸೂಜಿ ಹಾಕದೆ ಬಿಟ್ಟಿರೆಂದು ಆಕ್ಷೇಪಿಸಿದರು. ಆ ಎಡೆಯಲ್ಲಿ ಬಿಗಿತವಿಲ್ಲವಲ್ಲವೆಂದು ವೈದ್ಯೆ ಕೇಳಿದರೆ, ಅಲ್ಲಿ ಹಾಕಿದಾಗಲೆಲ್ಲ ತನ್ನ ಮುಖದಲ್ಲಿ ಚಿಂತೆಯೆಲ್ಲ ಕಳೆದಂತಹ ಕಳೆಯೊಂದು ಮೂಡುವುದೆಂದು ಆಕೆಯ ಉತ್ತರ. ಜೀನರ ಪತಿ ಅಲಸ್ಟೇರ್ ಚರ್ಮವೈದ್ಯರು. ಅವರ ರೋಗಿಗಳು ಇದೇ ಗೆರೆಗಳನ್ನು ಕುರಿತು ನಿತ್ಯವೂ ದೂರುತ್ತಿದ್ದರು. ಒಂದೇ ಮನೆಯ ಊಟದ ಮೇಜಿನಲ್ಲಿ ಕಣ್ಣಿನ ವೈದ್ಯವೂ ಚರ್ಮದ ವೈದ್ಯವೂ ಎದುರುಬದುರಾಗಿ ಕೂಡದಿದ್ದರೆ ಈ ಎರಡು ಸಂಗತಿಗಳು ಇನ್ನೆಷ್ಟು ವರ್ಷ ಬೇರೆಬೇರೆಯಾಗಿಯೇ ಉಳಿಯುತ್ತಿದ್ದುವೋ! ತಮ್ಮ ಕಚೇರಿಯ ಸ್ವಾಗತಕಾರಿಣಿಯೇ ಅವರಿಗೆ ದೊರೆತ ಮೊದಲ ಹಣೆ. 1992ರಲ್ಲಿ ದಂಪತಿಗಳು ಲೇಖನ ಪ್ರಕಟಿಸಿದರು. 2002ರ ಏಪ್ರಿಲಿನಲ್ಲಿ ಅಮೆರಿಕೆಯು ಹುಬ್ಬುಗಂಟಿಗಾಗಿಯೇ ಇದಕ್ಕೆ ಅಂಗೀಕಾರವಿತ್ತಿತು. ಆ ಬಳಿಕದ ಜಾಹೀರಾತಿನ ಚರಿತ್ರೆಯು ಎಲ್ಲರಿಗೂ ಗೊತ್ತಿರುವುದೇ. ಅದರಲ್ಲಿ ವಿಜ್ಞಾನ ಕಡಮೆ.

ಮತ್ತೆ ನಮ್ಮ ಉಪಾಧ್ಯಾಯಿನಿಯ ಬಳಿಗೆ. ವೈದ್ಯರು ಲವಣಜಲದ ಸಿರಿಂಜನ್ನು ಸೀಸೆಯ ರಬ್ಬರಿಗೆ ಚುಚ್ಚಿದೊಡನೆ, ಒಳಗಿನ ನಿರ್ವಾತವು ನೀರನ್ನು ತಾನಾಗಿಯೇ ಸೆಳೆದುಕೊಂಡಿತು. ಕುಲುಕದೆ ಮೆಲ್ಲನೆ ಹೊರಳಿಸಿದರು. “ಅಮ್ಮಾ, ಚೆನ್ನಾಗಿ ಸಿಟ್ಟು ಬಂದ ಹಾಗೆ ಹುಬ್ಬು ಗಂಟು ಹಾಕಿ ನೋಡೋಣ” ಎಂದರು. “ಬಾ ಅಂದ್ರೆ ಬರುತ್ತಾ ಸಿಟ್ಟು?” ಎಂದು ಆಕೆ ನಕ್ಕುಬಿಟ್ಟರು, ಮೂರನೆಯ ಸಲಕ್ಕೆ ಗಂಟು ಬಂದಿತು. ಬಿಳಿಯ ಪೆನ್ಸಿಲಿನಿಂದ ಐದು ಚುಕ್ಕೆಗಳು ಬಿದ್ದುವು: ಮೂಗಿನ ಬುಡದಲ್ಲೊಂದು, ಒಂದೊಂದು ಭ್ರೂಕುಂಚಕದ ಮೇಲೆ ಎರಡೆರಡು. ಚುಕ್ಕೆಗೆ 4 ಯೂನಿಟ್ಟಿನಂತೆ, ಕೂದಲಿನಂಥ ಸೂಜಿಯಿಂದ ಐದು ಚುಚ್ಚು. ಹನಿ ರಕ್ತ ಒರಸಿ, ಇಂದು ಆ ಎಡೆಯನ್ನು ಉಜ್ಜಬಾರದೆಂದು ಹೇಳಿದರು. ಇಡೀ ಕಾರ್ಯಕ್ಕೆ ಹಿಡಿದ ಹೊತ್ತು ಒಂದು ಲೋಟ ಕಾಫಿ ಆರುವಷ್ಟೂ ಇರಲಿಲ್ಲ.

ಆದರೆ ಆ ಹೊರಗಿನ ಚುಕ್ಕೆಗಳನ್ನು ಇಡುವಾಗ ಮಿತ್ರರು ಬೆರಳಿನಿಂದ ಕಣ್ಣಿನ ಮೇಲಿನ ಎಲುಬಿನಂಚನ್ನು ತಡವಿ, ಅಲ್ಲಿಂದ ಒಂದು ಸೆಂಟಿಮೀಟರಿನಷ್ಟು ಮೇಲಕ್ಕೆ ಅಳೆದುಕೊಂಡುದನ್ನು ನಾನು ಗಮನಿಸಿದ್ದೆ. ಕೆಳಗಿಳಿದರೆ ವಿಷವು ಜಿನುಗಿ ರೆಪ್ಪೆಯನ್ನೆತ್ತುವ ಸ್ನಾಯುವನ್ನು ತಲಪಬಹುದು. ಆಗ ವಾರಗಟ್ಟಲೆ ಒಂದು ಕಣ್ಣು ಅರೆಮುಚ್ಚಿ, ಕೆರ್ನರನ ರೋಗಿಗಳ ಮೊದಲ ಲಕ್ಷಣವೇ ಒಂದು ರೆಪ್ಪೆಯ ಮಟ್ಟಿಗೆ ಮರಳಿ ಕಾಣಿಸಿಕೊಳ್ಳುವುದು. ಹಣೆಯ ಅಡ್ಡಗೆರೆಗಳ ವಿಷಯ ಇನ್ನೂ ನಾಜೂಕು: ಹುಬ್ಬನ್ನು ಮೇಲೆತ್ತಲು ಫ್ರಂಟಾಲಿಸ್ ಬಿಟ್ಟರೆ ಬೇರೆ ಸ್ನಾಯುವೇ ಇಲ್ಲ, ಆದುದರಿಂದ ಅತ್ಯಾಸೆಯಿಂದ ಹಣೆಯನ್ನೆಲ್ಲ ನುಣ್ಣಗೆ ಮಾಡಹೊರಟರೆ ಹುಬ್ಬೇ ಕುಸಿದು ಮುಖವು ನಿದ್ದೆಗೆಟ್ಟವರಂತಾಗುತ್ತದೆ. ನರ ಮತ್ತು ಸ್ನಾಯುಗಳ ಸಂಪರ್ಕವೇ ಕ್ಷೀಣಿಸುವ ಕಾಯಿಲೆಯುಳ್ಳವರು ಇದರ ಗೊಡವೆಗೆ ಹೋಗತಕ್ಕದ್ದಲ್ಲ, ಗರ್ಭಿಣಿಯರೂ ಅಷ್ಟೆ. ಒಂದು ಕಂಪೆನಿಯ ಯೂನಿಟ್ ಇನ್ನೊಂದರ ಯೂನಿಟ್ಟಿಗೆ ಸಮವೂ ಅಲ್ಲ. ಬೊಟಾಕ್ಸಿನ 20 ಸಾಕಾಗುವ ಎಡೆಗೆ ಡಿಸ್‌ಪೋರ್ಟಿನ 50 ಬೇಕು. ಈ ‘ಯೂನಿಟ್’ ಎಂಬುದಾದರೂ ಏನೆಂದು ಬಹುಮಂದಿ ಕೇಳುವುದಿಲ್ಲ: ಹಿಂಡಿನ ಬಿಳಿಯಿಲಿಗಳಲ್ಲಿ ಅರ್ಧದಷ್ಟನ್ನು ಕೊಲ್ಲಲು ಒಂದೊಂದಕ್ಕೆ ಬೇಕಾಗುವ ಪ್ರಮಾಣವೇ ಒಂದು ಯೂನಿಟ್. 2011ರಲ್ಲಿ ಬೊಟಾಕ್ಸಿನ ತಯಾರಕರಿಗೆ ಜೀವಕೋಶಗಳ ಮೇಲೆ ಪರೀಕ್ಷಿಸುವ ಬೇರೊಂದು ವಿಧಾನಕ್ಕೆ ಅಮೆರಿಕೆಯಲ್ಲಿ ಅನುಮತಿ ದೊರೆಯಿತು. ಅದಕ್ಕೆ ಮೊದಲು ನುಣುಪಾದ ಪ್ರತಿಯೊಂದು ಹಣೆಯ ಹಿಂದೆಯೂ ಆ ಇಲಿಗಳಿದ್ದುವೆಂಬುದನ್ನು ಹೇಳದೆ ಮುಂದೆ ಹೋಗುವುದು ನನಗೆ ಸರಿತೋರಲಿಲ್ಲ.

ಸೂಜಿ ಹಾಕಿದ ದಿನ ಏನೂ ಆಗುವುದಿಲ್ಲ. ಎರಡು ಮೂರು ದಿನಗಳಲ್ಲಿ ಗಂಟು ಸಡಿಲಗೊಳ್ಳತೊಡಗಿ ಎರಡು ವಾರಗಳಲ್ಲಿ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಆಗ ಮನಸ್ಸಿಗೇನಾಗುತ್ತದೆಯೆಂಬ ಪ್ರಶ್ನೆಯನ್ನೂ ಕೆಲವರು ಕೇಳಿದ್ದಾರೆ: 2010ರಲ್ಲಿ ಡೇವಿಡ್ ಹಾವಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ಹುಬ್ಬುಗಂಟಿಗೆ ಚಿಕಿತ್ಸೆ ಪಡೆದವರು ಸಂತೋಷದ ವಾಕ್ಯಗಳನ್ನು ಮೊದಲಿನ ವೇಗದಲ್ಲಿಯೇ ಓದಿದರೂ, ಸಿಟ್ಟಿನ ಮತ್ತು ದುಃಖದ ವಾಕ್ಯಗಳನ್ನು ಓದಿ ಗ್ರಹಿಸಲು ಕೊಂಚ ಹೆಚ್ಚು ಹೊತ್ತು ತೆಗೆದುಕೊಂಡರು. ಅದರಿಂದ ದೊಡ್ಡ ಸಿದ್ಧಾಂತಗಳನ್ನು ಕಟ್ಟುವ ಉತ್ಸಾಹ ನನಗಿಲ್ಲ. ಆದರೆ ಮುಖವು ಮನಸ್ಸಿನ ಬರಿಯ ಕನ್ನಡಿಯಲ್ಲ, ಅದೂ ಮನಸ್ಸಿಗೆ ಒಂದಿಷ್ಟು ಸುದ್ದಿ ಹೇಳುತ್ತಿರುತ್ತದೆಯೆಂದು ನಂಬಲು ಅಡ್ಡಿಯಿಲ್ಲ.

ಮೂಕವಾದ ನರವು ಸುಮ್ಮನಿರುವುದಿಲ್ಲ. ಕಡಿದ ಮರದ ಬೊಡ್ಡೆಯ ಪಕ್ಕದಲ್ಲಿ ಚಿಗುರೊಡೆಯುವಂತೆ ಮುಚ್ಚಿಹೋದ ನರಾಗ್ರದ ಬದಿಯಿಂದ ಸಣ್ಣ ಕವಲುಗಳು ಹೊರಟು ಸ್ನಾಯುವನ್ನು ಅರಸಿಕೊಂಡು ಹೋಗುತ್ತವೆ, ಕುಂಠಿತ ಧ್ವನಿಯಲ್ಲಿ ಮೊದಲ ಮಾತುಗಳನ್ನಾಡುತ್ತವೆ. ಇತ್ತ ಮೂಲ ನರಾಗ್ರದಲ್ಲಿ ಕತ್ತರಿಯ ಹರಿತ ಕುಂದಿ, ಹೊಸ ಸ್ನ್ಯಾಪ್-25 ತಯಾರಾಗಿ, ಹುರಿ ಮತ್ತೆ ಬಿಗಿಯತೊಡಗಿದಾಗ, ಆ ತಾತ್ಕಾಲಿಕ ಕವಲುಗಳು ತಮ್ಮ ಕೆಲಸ ಮುಗಿಯಿತೆಂಬಂತೆ ಹಿಂದೆಗೆದುಕೊಳ್ಳುತ್ತವೆ. ಮೂರು ನಾಲ್ಕು ತಿಂಗಳುಗಳಲ್ಲಿ ಗಂಟು ಹಿಂದಿನಂತೆಯೇ ಮರಳುತ್ತದೆ.

ಅಕ್ಟೋಬರಿನಲ್ಲಿ ಉಪಾಧ್ಯಾಯಿನಿಯವರು ಮತ್ತೆ ಬಂದರು. ಚಿಕಿತ್ಸೆ ಹಿಡಿಸಿತೆ ಎಂದು ಕೇಳಿದುದಕ್ಕೆ, ನೆಂಟರಿಷ್ಟರೆಲ್ಲ ‘ಎಷ್ಟು ಹಾಯಾಗಿದ್ದೀರಿ’ ಎನ್ನುತ್ತಿದ್ದರೆಂದೂ, ಆದರೆ ಮೊಮ್ಮಗನನ್ನು ಗದರಿಸಿದಾಗ ಮಾತ್ರ ಅವನು ಹೆದರದೆ ಮುಖ ನೋಡಿ ನಗುತ್ತಿದ್ದನೆಂದೂ ಹೇಳಿದರು. ವೈದ್ಯರು ಕೈಗನ್ನಡಿ ಕೊಟ್ಟು ಹುಬ್ಬು ಕೂಡಿಸಲು ಹೇಳಿದರು. ಈ ಸಲ ಮೂರು ಬಾರಿ ಕೇಳಬೇಕಾಗಲಿಲ್ಲ. ಗಂಟು ನಿಚ್ಚಳವಾಗಿ ಬಂದು ನಿಂತಿತು. ಆಕೆ ಕನ್ನಡಿಯನ್ನು ಅತ್ತಿತ್ತ ಹೊರಳಿಸಿ ಅದನ್ನು ತುಸು ಹೊತ್ತು ನೋಡಿಕೊಂಡರು.

“ಇವತ್ತೇ ಹಾಕಿಬಿಡೋಣವೆ, ಅಮ್ಮಾ?” ಎಂದರು ವೈದ್ಯರು.

“ಇವತ್ತು ಬೇಡ ಡಾಕ್ಟ್ರೇ. ದಸರಾ ರಜಕ್ಕೆ ಮೊಮ್ಮಗ ಬಂದಿದ್ದಾನೆ. ಅವನು ಊರಿಗೆ ಹೋಗಲಿ, ಆಮೇಲೆ ಬರ್ತೀನಿ.”